ಡಬ್ಬಿ ಯಾರ ಕೈಯಲ್ಲಿ? ರೋಜರ್ ಕಾರ್ಮನ್ ಮತ್ತು ಸಿನಿಮಾ ಹಂಚಿಕೆಯ ಹಳೇ ಜಗಳ

1954ರ ಮಾತು. ಹಾಲಿವುಡ್‌ನಲ್ಲಿ 28 ವರ್ಷದ ಹುಡುಗನೊಬ್ಬನ ಕೈಯಲ್ಲಿ ಒಂದು ಸಿನಿಮಾ ರೆಡಿ ಇತ್ತು. ಕಾರ್ ರೇಸಿನ ಕಥೆ. ಖರ್ಚಾಗಿದ್ದು ಸುಮಾರು 50,000 ಡಾಲರ್. ಕೊಳ್ಳುವವರಿಗೇನೂ ಬರ ಇರಲಿಲ್ಲ. ಕೊಲಂಬಿಯಾ, ರಿಪಬ್ಲಿಕ್‌ನಂಥ ಹೆಸರಿದ್ದ ಕಂಪನಿಗಳೇ ಮುಂದೆ ಬಂದಿದ್ದವು. ಆದರೆ ಹುಡುಗ ಅವರಿಗೆ ಕೊಡಲಿಲ್ಲ. ಆಗಷ್ಟೇ ಬೋರ್ಡ್ ಹಾಕಿಕೊಂಡಿದ್ದ, ಯಾರೂ ಹೆಸರು ಕೇಳಿರದ ಅಮೆರಿಕನ್ ರಿಲೀಸಿಂಗ್ ಕಾರ್ಪೊರೇಷನ್ ಅನ್ನೋ ಕಂಪನಿಗೆ ಕೊಟ್ಟ.

ಹುಚ್ಚು ಅನ್ನಿಸುತ್ತದೆ, ಅಲ್ವಾ? ಆದರೆ ಆತನ ಲೆಕ್ಕ ಬೇರೆ ಇತ್ತು. ದೊಡ್ಡ ಕಂಪನಿ ಸಿನಿಮಾ ತೆಗೆದುಕೊಳ್ಳುತ್ತದೆ. ತನಗೆ ಬೇಕಾದಾಗ ರಿಲೀಸ್ ಮಾಡುತ್ತದೆ. ಊರೂರಿನಿಂದ ಹಣ ಬರಬೇಕು, ಅವರು ಲೆಕ್ಕ ಬರೆಯಬೇಕು, ಆಮೇಲೆ ಇವನ ಪಾಲು. ಅಷ್ಟರಲ್ಲಿ ಒಂದು ವರ್ಷ ಹೋಗಿರುತ್ತದೆ. ಅಲ್ಲಿಯ ತನಕ ಕೈ ಕಟ್ಟಿ ಕೂರಬೇಕು. ಹೊಸ ಕಂಪನಿಗೆ ಹೆಸರಿರಲಿಲ್ಲ, ಆದರೆ ಸಿನಿಮಾದ ಹಸಿವಿತ್ತು. ‘ಸಿನಿಮಾದ ಫಿಲ್ಮ್ ಡಬ್ಬಿ ಕೊಟ್ಟ ತಕ್ಷಣ ಅಡ್ವಾನ್ಸ್ ಕೊಡಿ, ಮುಂದಿನ ಸಿನಿಮಾಗಳಿಗೂ ಈಗಲೇ ಒಪ್ಪಂದ ಮಾಡಿಕೊಳ್ಳಿ’ ಅನ್ನೋ ಷರತ್ತಿಗೆ ಅವರು ಹೂಂ ಅಂದರು. ಬೇರೆ ಬೇರೆ ಪ್ರಾಂತ್ಯಗಳ ಹಂಚಿಕೆದಾರರಿಂದ ಮುಂಗಡ ಎತ್ತಿ ಆ ದುಡ್ಡು ಹೊಂದಿಸಿದರು.

ಆ ಹುಡುಗ ರೋಜರ್ ಕಾರ್ಮನ್. ಆ ಸಿನಿಮಾದ ಹೆಸರು ‘ದಿ ಫಾಸ್ಟ್ ಆ್ಯಂಡ್ ದಿ ಫ್ಯೂರಿಯಸ್’. ಹೌದು, ಈಗಿನ ಕಾರ್ ಸಿನಿಮಾ ಸರಣಿಯ ಹೆಸರೇ. ಯೂನಿವರ್ಸಲ್ ಕಂಪನಿ 2001ರ ತನ್ನ ಸಿನಿಮಾಗೆ ಆ ಹೆಸರನ್ನು ಕಾರ್ಮನ್ ಅವರಿಂದಲೇ ಪಡೆದುಕೊಂಡಿತು. ಕಥೆ ಬೇಡ, ಹೆಸರು ಸಾಕಿತ್ತು.

ಕಾರ್ಮನ್ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಎರಡು ವಿಷಯ ಹೇಳುತ್ತಾರೆ. ಅಗ್ಗದ ರಾಕ್ಷಸರ ಸಿನಿಮಾ ಮಾಡಿದರು, ಮುಂದೆ ದೊಡ್ಡ ನಿರ್ದೇಶಕರಾದ ಕೊಪ್ಪೋಲಾ ಮತ್ತು ಸ್ಕಾರ್ಸೆಸಿಗೆ ಅವಕಾಶ ಕೊಟ್ಟರು. ಎರಡೂ ನಿಜ. ನನಗೆ ಅದಕ್ಕಿಂತ ಕುತೂಹಲ ಇರುವುದು ಅವರ ಇನ್ನೊಂದು ಮುಖದ ಮೇಲೆ. ಸಿನಿಮಾ ಮಾಡಿದವನಿಗಿಂತ ಅದನ್ನು ಥಿಯೇಟರಿಗೆ ಮುಟ್ಟಿಸುವವನೇ ಯಾಕೆ ಗಟ್ಟಿ? ಈ ಪ್ರಶ್ನೆಯನ್ನು ಅವರು ಸುಮಾರು 60 ವರ್ಷ ಬೆನ್ನಟ್ಟಿದರು. ಕೆಲವು ಸಲ ಗೆದ್ದರು. ಒಂದು ಸಲ ಅದೇ ಬಲೆಗೆ ತಾವೇ ಬಿದ್ದರು.

ನೂರು ಡಾಲರ್ ಎಲ್ಲಿ ಹೋಗುತ್ತದೆ

ಸುಮ್ನೆ ಒಂದು ಲೆಕ್ಕ ಹಾಕೋಣ. ಟಿಕೆಟ್ ಕೌಂಟರಿನಲ್ಲಿ 100 ಡಾಲರ್ ಬಿತ್ತು ಅಂದುಕೊಳ್ಳಿ. ಅರ್ಧ ಥಿಯೇಟರಿನವನದು ಅನ್ನೋಣ. ಉಳಿದ 50 ಹಂಚಿಕೆದಾರನ ಕೈಗೆ ಬಂತು. ಅವನು ಮೊದಲು ತನ್ನ ಕಮಿಷನ್ ಹಿಡಿಯುತ್ತಾನೆ. 35 ಪರ್ಸೆಂಟ್ ಅಂದರೆ ಹದಿನೇಳೂವರೆ. ಆಮೇಲೆ ಪ್ರಿಂಟ್ (ಥಿಯೇಟರಿಗೆ ಕಳಿಸುವ ಫಿಲ್ಮ್ ಪ್ರತಿ) ಹಾಕಿಸಿದ್ದು, ಪೋಸ್ಟರು, ಪತ್ರಿಕೆ ಜಾಹೀರಾತು, ಸಾಗಣೆ. ಇವಕ್ಕೆಲ್ಲ 25 ಆಯಿತು ಅನ್ನೋಣ. ಉಳಿದದ್ದು ಏಳೂವರೆ. ನಿರ್ಮಾಪಕ ಮೊದಲೇ ಅಡ್ವಾನ್ಸ್ ತೆಗೆದುಕೊಂಡಿದ್ದರೆ ಈ ಏಳೂವರೆಯಲ್ಲೇ ಅದೂ ಮುರಿದುಕೊಳ್ಳುತ್ತದೆ. ಕೊನೆಗೆ ಏನಾದರೂ ಮಿಕ್ಕಿದರೆ ಅದರಲ್ಲಿ ಸಾಲ ಕೊಟ್ಟವರ ಪಾಲೂ ಇದೆ.

ಇಲ್ಲಿ ಗಮನಿಸಬೇಕಾದದ್ದು ಮೊತ್ತವನ್ನಲ್ಲ, ಸರದಿಯನ್ನು. ಸಿನಿಮಾಗೆ ಎಲ್ಲರಿಗಿಂತ ಮೊದಲು ದುಡ್ಡು ಹಾಕಿದವನು ಎಲ್ಲರಿಗಿಂತ ಕೊನೆಗೆ ನಿಲ್ಲುತ್ತಾನೆ. ಸಿನಿಮಾ ಸೋತರೂ ಹಂಚಿಕೆದಾರನ ಕಮಿಷನ್ ಮೊದಲ ಡಾಲರಿನಿಂದಲೇ ಕಟ್ ಆಗುತ್ತದೆ. ಮೇಲಾಗಿ ಲೆಕ್ಕ ಬರೆಯುವವನೂ ಅವನೇ, ಪಾಲು ಹಂಚುವವನೂ ಅವನೇ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಅಂತಾರಲ್ಲ, ಹಾಗೆ. ಪ್ರೇಕ್ಷಕ ವರ ಕೊಟ್ಟಿರುತ್ತಾನೆ.

ಹಂಚಿಕೆದಾರನ ಪರವಾಗಿಯೂ ಒಂದು ಮಾತು ಹೇಳಬೇಕು. ಪ್ರಿಂಟ್ ಮತ್ತು ಜಾಹೀರಾತಿನ ದುಡ್ಡು ಅವನದೇ. ಹತ್ತು ಸಿನಿಮಾ ತೆಗೆದುಕೊಂಡರೆ ಏಳು ಮಲಗುತ್ತವೆ. ಥಿಯೇಟರಿನವರ ಹತ್ತಿರ ಬಾಕಿ ವಸೂಲಿ ಮಾಡುವುದು ಅವನ ತಲೆನೋವು. ಒಂದೇ ಸಿನಿಮಾ ಮಾಡಿ ಮನೆಗೆ ಹೋಗುವ ನಿರ್ಮಾಪಕನಿಗೆ ಥಿಯೇಟರಿನವನು ಯಾಕೆ ಬೇಗ ದುಡ್ಡು ಕೊಟ್ಟಾನು? ಮುಂದಿನ ತಿಂಗಳು ಇನ್ನೊಂದು ಸಿನಿಮಾ ತರುವವನಿಗೆ ಮಾತ್ರ ಕೊಡುತ್ತಾನೆ. ಕಾರ್ಮನ್‌ಗೆ ಈ ಸತ್ಯ ಬೇಗ ಅರ್ಥವಾಯಿತು.

ಜುಟ್ಟು ಹಿಡಿಯುವ ಆಟ

ಈ ಆಟ ಹಾಲಿವುಡ್‌ಗಿಂತ ಹಳೆಯದು. 1908ರ ಡಿಸೆಂಬರಿನಲ್ಲಿ ಥಾಮಸ್ ಎಡಿಸನ್ ಮತ್ತು ಉಳಿದ ಕೆಲವು ಕಂಪನಿಗಳು ತಮ್ಮ ಪೇಟೆಂಟುಗಳನ್ನೆಲ್ಲ ಒಂದು ಗಂಟು ಕಟ್ಟಿ ಕೂಟ ಮಾಡಿಕೊಂಡವು. ಕ್ಯಾಮೆರಾಗೆ ಲೈಸೆನ್ಸು, ಪ್ರೊಜೆಕ್ಟರಿಗೆ ಲೈಸೆನ್ಸು. 1910ರಲ್ಲಿ ಜನರಲ್ ಫಿಲ್ಮ್ ಕಂಪನಿ ಅಂತ ಮಾಡಿ, ಊರೂರಿನ ಫಿಲ್ಮ್ ಬಾಡಿಗೆ ಅಂಗಡಿಗಳನ್ನು ಒಂದೊಂದಾಗಿ ಕೊಳ್ಳತೊಡಗಿದರು. ಮಾರುವುದಿಲ್ಲ ಅಂತ ಹಟ ಹಿಡಿದವರಲ್ಲಿ ವಿಲಿಯಂ ಫಾಕ್ಸ್ ಒಬ್ಬರು. ಕೂಟಕ್ಕೆ ಅದಕ್ಕೂ ಮೊದಲೇ ಎದುರು ನಿಂತವರು ಶಿಕಾಗೋದಲ್ಲಿ ಥಿಯೇಟರ್ ಮತ್ತು ಹಂಚಿಕೆ ನಡೆಸುತ್ತಿದ್ದ ಕಾರ್ಲ್ ಲೆಮ್ಲಿ. ಕೂಟದವರ ಸಿನಿಮಾ ಬೇಡ ಅಂತ 1909ರಲ್ಲಿ ಲೆಮ್ಲಿ ತಾವೇ ಸಿನಿಮಾ ಮಾಡತೊಡಗಿದರು. 1912ರಲ್ಲಿ ಅದು ಯೂನಿವರ್ಸಲ್ ಆಯಿತು.

ಸ್ವತಂತ್ರ ನಿರ್ಮಾಪಕ ಅಂದರೆ ಮೊದಲು ಸಿನಿಮಾ ಮಾಡಿ, ಆಮೇಲೆ ಗತಿ ಇಲ್ಲದೆ ಹಂಚಿಕೆಗೆ ಇಳಿದವನು ಅಂತ ನಾವು ಅಂದುಕೊಳ್ಳುತ್ತೇವೆ. ಶುರುವಾಗಿದ್ದು ಉಲ್ಟಾ. ಮೊದಲ ಸ್ವತಂತ್ರರಲ್ಲಿ ಹಲವರು ಹಂಚಿಕೆದಾರರು, ಥಿಯೇಟರಿನವರು. ಸರಕು ನಿಂತುಹೋದೀತು ಅನ್ನೋ ಭಯಕ್ಕೆ ಸಿನಿಮಾ ಮಾಡಲು ಕಲಿತರು.

1915ರಲ್ಲಿ ಕೋರ್ಟು ಎಡಿಸನ್ ಕೂಟದ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅದು ತಾನಾಗಿಯೇ ಸೊರಗಿತ್ತು. ಆದರೆ ಕೂಟವನ್ನು ಮುರಿದವರೇ ಹೊಸ ಕೂಟ ಕಟ್ಟಿದರು. 1914ರಲ್ಲಿ ಡಬ್ಲ್ಯೂ. ಡಬ್ಲ್ಯೂ. ಹಾಡ್‌ಕಿನ್ಸನ್ ಎಂಬವರು ಪ್ಯಾರಮೌಂಟ್ ಶುರು ಮಾಡಿದ್ದು ಬರೀ ಹಂಚಿಕೆ ಕಂಪನಿಯಾಗಿ. ನಿರ್ಮಾಪಕರಿಗೆ ಮುಂಗಡ, ಬಂದ ಹಣದಲ್ಲಿ ತಮಗೆ 35 ಪರ್ಸೆಂಟ್. ಅವರು ಹಾಕಿದ ಆ ಲೆಕ್ಕ ನೂರು ವರ್ಷ ಕಳೆದರೂ ಒಪ್ಪಂದಗಳಲ್ಲಿ ಹೆಚ್ಚೂಕಡಿಮೆ ಹಾಗೇ ಉಳಿದುಕೊಂಡಿದೆ. ಹಾಡ್‌ಕಿನ್ಸನ್ ಮಾತ್ರ ಉಳಿಯಲಿಲ್ಲ. ಅವರಿಗೆ ಸಿನಿಮಾ ಕೊಡುತ್ತಿದ್ದ ಅಡಾಲ್ಫ್ ಝೂಕರ್ 1916ರಲ್ಲಿ ಕಂಪನಿಯನ್ನೇ ಕೈವಶ ಮಾಡಿಕೊಂಡು ಅವರನ್ನು ಹೊರಗೆ ಕಳಿಸಿದರು. ನಿರ್ಮಾಪಕ ಹಂಚಿಕೆದಾರನ ಜುಟ್ಟು ಹಿಡಿದ ಅಪರೂಪದ ಪ್ರಸಂಗ ಇದು.

ಝೂಕರ್ ಅಲ್ಲಿಗೇ ನಿಲ್ಲಲಿಲ್ಲ. ಥಿಯೇಟರುಗಳನ್ನೂ ಕೊಂಡರು. ದೊಡ್ಡ ಸ್ಟಾರ್ ಸಿನಿಮಾ ಬೇಕೆಂದರೆ ಅದರ ಜೊತೆ ಹೆಸರಿಲ್ಲದ ಇನ್ನಷ್ಟು ಸಿನಿಮಾಗಳನ್ನೂ ಒಟ್ಟಿಗೆ ತೆಗೆದುಕೊಳ್ಳಲೇಬೇಕು ಅಂತ ಥಿಯೇಟರಿನವರಿಗೆ ಕಟ್ಟು ಹಾಕಿದರು. ಉಳಿದವರೂ ಅದೇ ದಾರಿ ಹಿಡಿದರು. ಇದಕ್ಕೆ ಉತ್ತರವಾಗಿ 1919ರಲ್ಲಿ ಸ್ಟಾರ್‌ಗಳಾದ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್, ನಿರ್ದೇಶಕ ಗ್ರಿಫಿತ್ ಸೇರಿ ಯುನೈಟೆಡ್ ಆರ್ಟಿಸ್ಟ್ಸ್ ಕಟ್ಟಿದರು. ಆ ನಾಲ್ವರು ಸೇರಿ ಕಟ್ಟಿದ್ದು ಸ್ಟುಡಿಯೋ ಅಲ್ಲ, ಹಂಚಿಕೆ ಆಫೀಸು. ದುಡ್ಡು ಎಲ್ಲಿ ಸೋರುತ್ತಿದೆ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು.

ಮುಂದಿನ 30 ವರ್ಷ ಐದು ದೊಡ್ಡ ಕಂಪನಿಗಳದೇ ರಾಜ್ಯ: ಪ್ಯಾರಮೌಂಟ್, ಎಂಜಿಎಂನ ಒಡೆಯ ಲೋಸ್, ವಾರ್ನರ್, ಫಾಕ್ಸ್, ಆರ್‌ಕೆಓ. ಸಿನಿಮಾ ಅವರದೇ, ಹಂಚಿಕೆ ಅವರದೇ, ದೊಡ್ಡ ಊರುಗಳ ಒಳ್ಳೇ ಥಿಯೇಟರುಗಳೂ ಅವರದೇ. ಹೊರಗಿನವನು ಏನು ಮಾಡಬೇಕು? ಒಂದೊಂದು ಪ್ರಾಂತ್ಯದ ಹಕ್ಕನ್ನು ಅಲ್ಲಲ್ಲಿನ ಹಂಚಿಕೆದಾರನಿಗೆ ಇಷ್ಟು ದುಡ್ಡು ಅಂತ ಒಂದೇ ಸಲ ಮಾರಿಬಿಡಬೇಕು. ಸಿನಿಮಾ ಅಲ್ಲಿ ಎಷ್ಟೇ ಓಡಿದರೂ ಆಮೇಲೆ ಬಾಯಿ ಬಿಡುವ ಹಾಗಿಲ್ಲ.

ಅಮೆರಿಕದ ಕೇಂದ್ರ ಸರ್ಕಾರ 1938ರಲ್ಲಿ ಈ ಕಂಪನಿಗಳ ಮೇಲೆ ಕೇಸ್ ಹಾಕಿತು. ಹತ್ತು ವರ್ಷ ಎಳೆದು, 1948ರ ಮೇ 3ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಸಿನಿಮಾಗಳನ್ನು ಕಂತೆ ಕಟ್ಟಿ ಹೇರುವುದು ತಪ್ಪು ಅಂತಾಯಿತು. ಅದರ ಬೆನ್ನಿಗೆ ಐದೂ ಕಂಪನಿಗಳು ಥಿಯೇಟರುಗಳನ್ನು ಬಿಡಬೇಕಾಯಿತು. ‘ಪ್ಯಾರಮೌಂಟ್ ತೀರ್ಪು’ ಅಂತಲೇ ಅದು ಪ್ರಸಿದ್ಧ.

ಇದರಿಂದ ಒಂದು ವಿಚಿತ್ರ ಆಯಿತು. ಥಿಯೇಟರುಗಳಿಗೆ ಸ್ವಾತಂತ್ರ್ಯ ಸಿಕ್ಕಿತು, ಸಿನಿಮಾ ಸಿಗಲಿಲ್ಲ. ಕಂತೆ ಕಟ್ಟುವ ಹಾಗಿಲ್ಲ ಅಂದಮೇಲೆ ಸ್ಟುಡಿಯೋಗಳು ಸಣ್ಣ ಸಿನಿಮಾಗಳನ್ನು ಯಾಕೆ ಮಾಡುತ್ತವೆ? ಕಡಿಮೆ ಮಾಡಿದವು. ಟಿವಿ ಬಂದು ದೊಡ್ಡವರೆಲ್ಲ ಮನೆಯಲ್ಲೇ ಕುಳಿತರು. ಮನೆಯಿಂದ ಹೊರಗೆ ಬರಲು ಕಾತರಿಸುತ್ತಿದ್ದವರು ಹದಿಹರೆಯದವರು ಮಾತ್ರ. ಅವರ ಕೈಯಲ್ಲಿ ಕಾರಿತ್ತು. ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಡ್ರೈವ್-ಇನ್‌ಗಳು 1950ರ ದಶಕದ ಕೊನೆಗೆ ಅಮೆರಿಕದಲ್ಲಿ 4,000ಕ್ಕೂ ಜಾಸ್ತಿ ಇದ್ದವು. ಅಲ್ಲಿ ವಾರವಾರ ಹೊಸ ಸಿನಿಮಾ ಬೇಕು. ಒಂದಲ್ಲ, ಎರಡು.

ಕಾರ್ಮನ್ ಬಂದಿದ್ದು ಸರಿಯಾಗಿ ಆ ಹೊತ್ತಿಗೆ.

ನಾಲ್ಕು ದಿನದ ಎಂಜಿನಿಯರ್

ಹುಟ್ಟಿದ್ದು 1926ರ ಏಪ್ರಿಲ್ 5ರಂದು, ಡೆಟ್ರಾಯಿಟ್‌ನಲ್ಲಿ. ಆಮೇಲೆ ಮನೆಯವರು ಕ್ಯಾಲಿಫೋರ್ನಿಯಾಗೆ ಬಂದರು. ಸ್ಟ್ಯಾನ್‌ಫರ್ಡ್‌ನಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದಿದ ಕಾರ್ಮನ್, ಮೋಟಾರ್ ತಯಾರಿಸುವ ಕಂಪನಿಯೊಂದಕ್ಕೆ ಸೋಮವಾರ ಸೇರಿ ಗುರುವಾರ ಬಿಟ್ಟರು. ಫಾಕ್ಸ್ ಸ್ಟುಡಿಯೋದಲ್ಲಿ ಪತ್ರ ಹಂಚುವ ಕೆಲಸ ಸಿಕ್ಕಿತು. ಅಲ್ಲಿಂದ ಕಥೆ ಓದಿ ಅಭಿಪ್ರಾಯ ಬರೆಯುವ ಕೆಲಸಕ್ಕೆ ಏರಿದರು. ಅವರು ಕೊಟ್ಟ ಸಲಹೆಗಳು ಒಂದು ಕೌಬಾಯ್ ಸಿನಿಮಾದಲ್ಲಿ ಬಳಕೆಯಾದವು, ಹೆಸರು ಮಾತ್ರ ಬರಲಿಲ್ಲ. ಬೇಜಾರಾಗಿ ಬಿಟ್ಟರು. ಕೆಲವು ತಿಂಗಳು ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ವಾಪಸ್ ಬಂದರು.

ಆಮೇಲೆ ಒಂದು ಸ್ಕ್ರಿಪ್ಟ್ ಮಾರಿ ಬಂದ ದುಡ್ಡಿಗೆ ಸ್ನೇಹಿತರಿಂದ, ಮನೆಯವರಿಂದ ಇಷ್ಟಿಷ್ಟು ಸೇರಿಸಿ, ಕಡಲ ರಾಕ್ಷಸನ ಒಂದು ಸಿನಿಮಾ ಮಾಡಿದರು. ಕೈಯಿಂದ ಹೋದ ನಗದು ಸುಮಾರು 12,000 ಡಾಲರ್. ಒಬ್ಬನೇ ಕೂರುವ ಪುಟ್ಟ ಜಲಾಂತರ್ಗಾಮಿಯೊಂದರ ಸುದ್ದಿ ಪೇಪರಿನಲ್ಲಿ ನೋಡಿ, ಮಾಡಿದ ಕಂಪನಿಗೆ ಫೋನ್ ಹಚ್ಚಿದರು. ‘ನಿಮಗೆ ಪುಕ್ಕಟೆ ಪ್ರಚಾರ’ ಅಂತ ಹೇಳಿ ಅದನ್ನು ಬಿಟ್ಟಿಯಾಗಿ ತರಿಸಿಕೊಂಡರು. ಸಾಮಾನಿನ ಟ್ರಕ್ ಓಡಿಸಿದ್ದೂ ಅವರೇ. ಕಾಸಿಗೆ ತಕ್ಕ ಕಜ್ಜಾಯ ಅನ್ನುವ ಗಾದೆಯನ್ನು ಸುಳ್ಳು ಮಾಡಲು ಹೊರಟ ಹಾಗಿತ್ತು. ಕಜ್ಜಾಯ ಅಷ್ಟೇನೂ ರುಚಿ ಇರಲಿಲ್ಲ ಅನ್ನೋದು ಬೇರೆ ಮಾತು.

ಕಾರ್ ರೇಸಿನ ಸಿನಿಮಾ ತೆಗೆದುಕೊಂಡ ಆ ಪುಟ್ಟ ಕಂಪನಿ ಜೇಮ್ಸ್ ನಿಕೋಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ ಅವರದು. 1956ರಲ್ಲಿ ಅದಕ್ಕೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅಂತ ಹೆಸರಾಯಿತು. ಜನ ಎಐಪಿ ಅಂದರು. ಅವರ ಪದ್ಧತಿಯೇ ತಮಾಷೆ. ನಿಕೋಲ್ಸನ್ ಮೊದಲು ಒಂದು ಹೆಸರು ಯೋಚಿಸುತ್ತಿದ್ದರು. ಆಮೇಲೆ ಪೋಸ್ಟರ್ ಬರೆಸುತ್ತಿದ್ದರು. ಪೋಸ್ಟರ್ ನೋಡಿ ಥಿಯೇಟರಿನವರು ಬಾಯಿ ಚಪ್ಪರಿಸಿದರೆ ಮಾತ್ರ ಕಥೆ ಬರೆಸುವುದು. ಹಂಚಿಕೆದಾರನ ತಲೆಯಿಂದ ಸಿನಿಮಾ ಹುಟ್ಟಿದರೆ ಹೀಗೇ ಇರುತ್ತದೆ. ಎರಡು ಕಪ್ಪು-ಬಿಳುಪು ಸಿನಿಮಾ ಜೋಡಿ ಮಾಡಿ ಒಟ್ಟಿಗೆ ಬಿಡುತ್ತಿದ್ದರು. ಹಾಗೆ ಮಾಡಿದರೆ ಥಿಯೇಟರಿನ ಬಾಡಿಗೆ ಪೂರ್ತಿ ತಮಗೇ. ಇಲ್ಲದಿದ್ದರೆ ದೊಡ್ಡ ಸಿನಿಮಾದ ಬಾಲಕ್ಕೆ ಕಟ್ಟಿಸಿಕೊಂಡು ಚಿಲ್ಲರೆ ಎಣಿಸಬೇಕಿತ್ತು.

1960ರಲ್ಲಿ ಕಾರ್ಮನ್ ಈ ಜೋಡಿ ಲೆಕ್ಕವನ್ನೇ ಬದಲಿಸಿದರು. ಹತ್ತತ್ತು ದಿನದ ಎರಡು ಸಿನಿಮಾ ಬದಲು 15 ದಿನದ ಒಂದೇ ಬಣ್ಣದ ಸಿನಿಮಾ ಮಾಡೋಣ ಅಂದರು. ಎಡ್ಗರ್ ಅಲನ್ ಪೋ ಬರೆದ ಪಾಳುಬಿದ್ದ ಮನೆಯ ಕಥೆ. ‘ಇದರಲ್ಲಿ ರಾಕ್ಷಸ ಎಲ್ಲಿ?’ ಅಂತ ಆರ್ಕಾಫ್ ಕೇಳಿದರಂತೆ. ‘ಆ ಮನೆಯೇ ರಾಕ್ಷಸ’ ಅಂದರಂತೆ ಕಾರ್ಮನ್. ವಿನ್ಸೆಂಟ್ ಪ್ರೈಸ್ ನಟಿಸಿದ ಆ ಸಿನಿಮಾ ಗೆದ್ದು, ಪೋ ಕಥೆಗಳ ಒಂದು ಸಾಲೇ ಬಂತು.

ಇದೇ ಹೊತ್ತಿಗೆ ಒಂದು ಪ್ರಯೋಗವೂ ನಡೆದಿತ್ತು. 1959ರಲ್ಲಿ ಒಡಹುಟ್ಟಿದ ತಮ್ಮ ಜೀನ್ ಜೊತೆ ಸೇರಿ ಫಿಲ್ಮ್‌ಗ್ರೂಪ್ ಅಂತ ಸ್ವಂತ ಹಂಚಿಕೆ ಕಂಪನಿ ಮಾಡಿದ್ದರು. ಎರಡು ಹಗಲು, ಒಂದು ರಾತ್ರಿಯಲ್ಲಿ ಬಹುಪಾಲು ಚಿತ್ರೀಕರಣ ಮುಗಿಸಿದ್ದರೆಂಬ ಖ್ಯಾತಿಯ, ಮನುಷ್ಯರನ್ನು ತಿನ್ನುವ ಗಿಡದ ಸಿನಿಮಾ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ಬಂದಿದ್ದು ಇದೇ ಕಂಪನಿಯಿಂದ. ಕಾಪಿರೈಟ್ ಕಡೆ ಯಾರೂ ಗಮನ ಕೊಡಲಿಲ್ಲ. ಒಂದೆರಡು ವಾರ ಓಡಿ ಮರೆತುಹೋಗುವ ಸರಕಿಗೆ ಯಾರು ಕಾಗದಪತ್ರ ಮಾಡಿಸುತ್ತಾರೆ? ಆದರೆ ಆ ಗಿಡ ಬೆಳೆಯಿತು. 1982ರಲ್ಲಿ ನ್ಯೂಯಾರ್ಕ್‌ನಲ್ಲಿ ಸಂಗೀತ ನಾಟಕವಾಯಿತು, 1986ರಲ್ಲಿ ದೊಡ್ಡ ಸಿನಿಮಾ ಆಯಿತು. ಮೂಲ ಸಿನಿಮಾ ಮಾತ್ರ ಕಾಪಿರೈಟ್ ಇಲ್ಲದೆ ಸಾರ್ವಜನಿಕ ಸ್ವತ್ತಾಗಿ, ಯಾರು ಬೇಕಾದರೂ ಮಾರಬಹುದಾದ ವಸ್ತುವಾಯಿತು.

ಫಿಲ್ಮ್‌ಗ್ರೂಪ್ ಏಳಲಿಲ್ಲ. ಕಾರಣ ಸರಳ: ಸಿನಿಮಾ ಸಾಲದು. ವರ್ಷಕ್ಕೆ ನಾಲ್ಕೈದು ಡಬ್ಬಿ ಇಟ್ಟುಕೊಂಡವನಿಗೆ ಪ್ರಾಂತ್ಯದ ಹಂಚಿಕೆದಾರರು ಬಾಕಿ ಕೊಡುವ ಅವಸರ ತೋರಿಸುವುದಿಲ್ಲ.

1962ರಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಬಿಳಿಯರ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸುವುದರ ವಿರುದ್ಧ ಊರನ್ನೇ ಕೆರಳಿಸುವ ಒಬ್ಬನ ಕಥೆ ‘ದಿ ಇಂಟ್ರೂಡರ್’. ವಿಲಿಯಂ ಶಾಟ್ನರ್ ಮುಖ್ಯ ಪಾತ್ರ. ಯಾರೂ ದುಡ್ಡು ಹಾಕಲು ಮುಂದೆ ಬರದೆ ಅಣ್ಣತಮ್ಮಂದಿರು ತಮ್ಮ ಹಣ ಸುರಿದರು. ಮಿಸ್ಸೌರಿಯ ಸಣ್ಣ ಊರುಗಳಲ್ಲಿ, ಸ್ಥಳೀಯರ ಬೆದರಿಕೆಯ ನಡುವೆ ಚಿತ್ರೀಕರಣ ನಡೆಯಿತು. ವಿಮರ್ಶಕರು ಮೆಚ್ಚಿದರು. ಥಿಯೇಟರಿನವರು ಹೆದರಿದರು. ಕೊನೆಗೆ ‘ಐ ಹೇಟ್ ಯುವರ್ ಗಟ್ಸ್’ ಅನ್ನೋ ಅಗ್ಗದ ಹೆಸರಿಟ್ಟೂ ಬಿಟ್ಟು ನೋಡಲಾಯಿತು. ಪ್ರಯೋಜನವಾಗಲಿಲ್ಲ. 1990ರಲ್ಲಿ ಬಂದ ಕಾರ್ಮನ್ ಆತ್ಮಕಥೆಯ ಹೆಸರಿನಲ್ಲೇ ‘ಒಂದು ಬಿಡಿಗಾಸೂ ಕಳೆದುಕೊಳ್ಳಲಿಲ್ಲ’ ಅನ್ನೋ ಜಂಭ ಇದೆ. ಆ ಜಂಭ ಪೂರ್ತಿ ನಿಜವಲ್ಲ ಅನ್ನೋದಕ್ಕೆ ಈ ಸಿನಿಮಾ ಸಾಕ್ಷಿ. ನನ್ನ ಮಟ್ಟಿಗೆ ಅವರು ನಿರ್ದೇಶಿಸಿದ್ದರಲ್ಲಿ ಇದೇ ಗಟ್ಟಿ ಕೆಲಸ.

ಕತ್ತರಿ ಮತ್ತು ಹೊಸ ಕಂಪನಿ

ಮತ್ತೆ ಎಐಪಿ. 1966ರಲ್ಲಿ ಬೈಕ್ ಗ್ಯಾಂಗಿನ ‘ದಿ ವೈಲ್ಡ್ ಏಂಜಲ್ಸ್’ ಸುಮಾರು 3,60,000 ಡಾಲರ್ ಖರ್ಚಿಗೆ ಹಲವು ಪಟ್ಟು ತಂದಿತು. ಆದರೆ ದುಡ್ಡು ಬಂದ ಹಾಗೆಲ್ಲ ಹಂಚಿಕೆದಾರನ ಕತ್ತರಿಯೂ ಹತ್ತಿರ ಬಂತು. ಎಲ್‌ಎಸ್‌ಡಿ ಎಂಬ ಮಾದಕವಸ್ತುವಿನ ಬಗ್ಗೆ ಮಾಡಿದ 1967ರ ಸಿನಿಮಾಗೆ ಎಐಪಿ ಮೊದಲಲ್ಲಿ ಎಚ್ಚರಿಕೆಯ ಮಾತು ಸೇರಿಸಿತು. ಕೊನೆಯ ದೃಶ್ಯದಲ್ಲಿ ನಾಯಕನ ಮುಖದ ಮೇಲೆ ಗಾಜು ಒಡೆದಂತೆ ಬಿರುಕು ಮೂಡಿಸಿತು, ಇವನ ಬಾಳು ಹಾಳಾಯಿತು ಅಂತ ತೋರಿಸಲು. ಕಾರ್ಮನ್‌ಗೆ ಅದು ಬೇಕಿರಲಿಲ್ಲ. 1970ರ ‘ಗ್ಯಾಸ್’ ಸಿನಿಮಾದಲ್ಲಂತೂ ಅವರನ್ನು ಕೇಳದೆಯೇ ಕೊನೆಯ ಶಾಟ್ ಸೇರಿ ಸಾಕಷ್ಟು ಕತ್ತರಿಸಿಹಾಕಿದರು.

ಅದೇ ವರ್ಷ ನ್ಯೂ ವರ್ಲ್ಡ್ ಪಿಕ್ಚರ್ಸ್ ಹುಟ್ಟಿತು. ಫಿಲ್ಮ್‌ಗ್ರೂಪ್‌ನ ಪಾಠ ಈ ಸಲ ನೆನಪಿತ್ತು. ವರ್ಷವಿಡೀ ಸಿನಿಮಾ ಹರಿಯುತ್ತಲೇ ಇರಬೇಕು. ತಾವು ಮಾಡಿದ್ದು ಸಾಲದಿದ್ದರೆ ಬೇರೆಯವರದು ಕೊಳ್ಳಬೇಕು. ಕಾರ್ಮನ್ ನಿರ್ದೇಶನವನ್ನೇ ಬಹುತೇಕ ಬಿಟ್ಟುಬಿಟ್ಟರು. ಬಿಡುಗಡೆಯೂ ಲೆಕ್ಕಾಚಾರದ್ದೇ. ಇಡೀ ದೇಶಕ್ಕೆ ಒಟ್ಟಿಗೆ ಪ್ರಿಂಟ್ ಹಾಕಿಸುವ ಮಾತೇ ಇಲ್ಲ. ಒಂದಿಷ್ಟು ಪ್ರಿಂಟ್ ಮಾಡಿಸಿ, ಒಂದು ಪ್ರಾಂತ್ಯದಲ್ಲಿ ಓಡಿಸಿ, ಅವೇ ಡಬ್ಬಿಗಳನ್ನು ಮುಂದಿನ ಪ್ರಾಂತ್ಯಕ್ಕೆ ಕಳಿಸುವುದು. ಫಿಲ್ಮಿನ ಮೇಲೆ ಗೀರು ಬಿದ್ದರೆ ಬೀಳಲಿ.

ಅಲ್ಲಿ ಟ್ರೇಲರ್ ಕತ್ತರಿಸುತ್ತಿದ್ದ ಹುಡುಗರಲ್ಲಿ ಜೋ ಡಾಂಟೆ ಒಬ್ಬರು. ಹೆಲಿಕಾಪ್ಟರ್ ಸಿಡಿಯುವ ಒಂದು ಶಾಟ್ ಅವರ ಹತ್ತಿರ ಇತ್ತು. ಟ್ರೇಲರ್ ಯಾವುದಾದರೂ ಸಪ್ಪೆ ಅನ್ನಿಸಿದರೆ ಅದನ್ನು ತುರುಕುತ್ತಿದ್ದರು. ಸಿನಿಮಾದಲ್ಲಿ ಹೆಲಿಕಾಪ್ಟರ್ ಇರಲೇಬೇಕು ಅಂತೇನಿರಲಿಲ್ಲ! ಇದೇ ಅಂಗಳದಲ್ಲಿ, ಮುಂದೆ ಹೆಸರಾಂತ ನಿರ್ದೇಶಕರಾದ ಜೊನಾಥನ್ ಡೆಮ್ಮಿ, ರಾನ್ ಹೋವರ್ಡ್ ಮೊದಲ ಸಿನಿಮಾ ನಿರ್ದೇಶಿಸಿದರು. 1980ರ ಬಾಹ್ಯಾಕಾಶ ಸಿನಿಮಾವೊಂದಕ್ಕೆ ಮಾಡೆಲ್ ಕಟ್ಟಲು ಸೇರಿದವರು ಜೇಮ್ಸ್ ಕ್ಯಾಮರೂನ್. ಸಂಬಳ ಕಡಿಮೆ, ಕೆಲಸ ಜಾಸ್ತಿ. ‘ಇದನ್ನು ಚೆನ್ನಾಗಿ ಮಾಡಿಕೊಟ್ಟರೆ ಮತ್ತೆ ನನ್ನ ಹತ್ತಿರ ಕೆಲಸ ಮಾಡುವ ಕರ್ಮ ಬರುವುದಿಲ್ಲ’ ಅನ್ನೋ ಅರ್ಥದಲ್ಲಿ ಕಾರ್ಮನ್ ತಮಗೆ ಹೇಳಿದ್ದನ್ನು ಹೋವರ್ಡ್ ಎಷ್ಟೋ ಕಡೆ ನೆನೆದಿದ್ದಾರೆ.

ನ್ಯೂ ವರ್ಲ್ಡ್ ಬದುಕಿದ್ದು ನರ್ಸುಗಳ, ಜೈಲಿನ ಹೆಂಗಸರ, ಬೈಕ್ ಗ್ಯಾಂಗುಗಳ ಸಿನಿಮಾದಿಂದ. ಅದರ ನಡುವೆ ಒಂದು ದಿನ ಕಾರ್ಮನ್ ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ಅವರ ‘ಕ್ರೈಸ್ ಆ್ಯಂಡ್ ವಿಸ್ಪರ್ಸ್’ ಸಿನಿಮಾದ ಅಮೆರಿಕದ ಹಕ್ಕು ಕೊಂಡರು. ಸಾವಿನ ಹಾಸಿಗೆಯಲ್ಲಿರುವ ಹೆಂಗಸು, ಅವಳ ಸೋದರಿಯರು, ಕೆಂಪು ಗೋಡೆಯ ಮನೆ. ಅಮೆರಿಕದ ಹಂಚಿಕೆದಾರರಿಗೆ ಅದು ಬೇಡವಾಗಿತ್ತು. ಕಾರ್ಮನ್ ಸುಮಾರು 75,000 ಡಾಲರ್‌ಗೆ ತೆಗೆದುಕೊಂಡು, 1972ರ ಡಿಸೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಬಿಟ್ಟರು. 1974ರ ಆಸ್ಕರ್‌ಗೆ ಅದು ಐದು ವಿಭಾಗಗಳಲ್ಲಿ ನಾಮಿನೇಟ್ ಆಯಿತು. ಅದರಲ್ಲಿ ಅತ್ಯುತ್ತಮ ಚಿತ್ರವೂ ಒಂದು. ಸ್ವೆನ್ ನಿಕ್ವಿಸ್ಟ್ ಅವರ ಛಾಯಾಗ್ರಹಣಕ್ಕೆ ಪ್ರಶಸ್ತಿ ಬಂತು.

ಅಲ್ಲಿಗೆ ಬಿಟ್ಟಿದ್ದರೆ ಅದು ಕಾರ್ಮನ್ ಅಲ್ಲ. ಬರ್ಗ್‌ಮನ್ ಸಿನಿಮಾವನ್ನು ಡ್ರೈವ್-ಇನ್‌ಗಳಿಗೂ ಕಳಿಸಿದರು. ಹಿಂದಿನ ವಾರ ಬೈಕ್ ಸಿನಿಮಾ ಓಡಿದ ಪರದೆಯ ಮೇಲೆ ಸ್ವೀಡನ್ನಿನ ದುಃಖ ಓಡಿತು. ಬರ್ಗ್‌ಮನ್‌ಗೆ ಇದು ಖುಷಿ ಕೊಟ್ಟಿತು ಅಂತ ಕಾರ್ಮನ್ ಹೇಳಿಕೊಳ್ಳುತ್ತಿದ್ದರು. ಮುಂದೆ ಇಟಲಿಯ ಫೆಲ್ಲಿನಿಯ ‘ಅಮರ್ಕಾರ್ಡ್’, ಜಪಾನಿನ ಕುರೊಸಾವಾರ ‘ದೆರ್ಸು ಉಜಾಲಾ’, ಜರ್ಮನಿಯ ಫೋಲ್ಕರ್ ಶ್ಲೋನ್‌ಡಾರ್ಫ್ ಅವರ ‘ದಿ ಟಿನ್ ಡ್ರಮ್’ ಕೂಡ ಅಮೆರಿಕದಲ್ಲಿ ನ್ಯೂ ವರ್ಲ್ಡ್ ಕೈಯಿಂದಲೇ ಬಂದವು. ಮೂರೂ ವಿದೇಶಿ ಭಾಷೆಯ ಆಸ್ಕರ್ ಗೆದ್ದ ಸಿನಿಮಾಗಳು.

ಇದನ್ನು ಬರೀ ಕಲಾಪ್ರೀತಿ ಅನ್ನುವವರಿದ್ದಾರೆ. ಪ್ರೀತಿ ಇತ್ತು, ಅನುಮಾನ ಇಲ್ಲ. ಆದರೆ ವ್ಯಾಪಾರವೂ ಇತ್ತು. ಕಲಾಚಿತ್ರ ಹಂಚುವ ಪುಟ್ಟ ಕಂಪನಿಗಳಿಗೆ ವಸೂಲಿ ಶಕ್ತಿ ಇರಲಿಲ್ಲ. ದೊಡ್ಡ ಸ್ಟುಡಿಯೋಗಳಿಗೆ ಇಂಥ ಸಣ್ಣ ಲಾಭಕ್ಕೆ ಸಮಯ ಇರಲಿಲ್ಲ. ನಡುವೆ ಒಂದು ಜಾಗ ಖಾಲಿ ಇತ್ತು. ರಾಕ್ಷಸರ ಸಿನಿಮಾಗೆ ಅಂತ ಕಟ್ಟಿದ್ದ ದಾರಿಯಲ್ಲೇ ಫೆಲ್ಲಿನಿಯೂ ಹೋಗಬಹುದಿತ್ತು. ಖರ್ಚು ಹೆಚ್ಚೇನೂ ಆಗುವುದಿಲ್ಲ.

ಆ ದಶಕದಲ್ಲಿ ಈ ಜಗಳ ಆಡಿದವರು ಕಾರ್ಮನ್ ಒಬ್ಬರೇ ಅಲ್ಲ. 1971ರಲ್ಲಿ ‘ಬಿಲ್ಲಿ ಜ್ಯಾಕ್’ ಮಾಡಿದ ಟಾಮ್ ಲಾಫ್ಲಿನ್, ವಾರ್ನರ್ ತಮ್ಮ ಸಿನಿಮಾವನ್ನು ಸರಿಯಾಗಿ ಬಿಡಲಿಲ್ಲ ಅಂತ ಕೋರ್ಟಿಗೆ ಹೋದರು. 1973ರಲ್ಲಿ ಅದೇ ಸಿನಿಮಾ ಮತ್ತೆ ಬಂತು, ಈ ಸಲ ಥಿಯೇಟರುಗಳನ್ನೇ ಬಾಡಿಗೆಗೆ ಹಿಡಿದು, ಟಿವಿ ಜಾಹೀರಾತು ಸುರಿದು. ಟಿಕೆಟ್ ಹಣ ಪೂರ್ತಿ ಥಿಯೇಟರ್ ಬಾಡಿಗೆಗೆ ಹಿಡಿದವರದೇ. ಭಾರಿ ದುಡ್ಡು ಬಂತು. ದೊಡ್ಡ ಸ್ಟುಡಿಯೋಗಳು ಅದನ್ನು ಕಣ್ಣು ಬಿಟ್ಟು ನೋಡಿದವು.

ದೊಡ್ಡವರು ಸಣ್ಣವರ ಸಿನಿಮಾ ಮಾಡಿದಾಗ

1975ರ ಜೂನ್ 20ರಂದು ‘ಜಾಸ್’ 400ಕ್ಕೂ ಜಾಸ್ತಿ ಥಿಯೇಟರುಗಳಲ್ಲಿ ಒಂದೇ ದಿನ ಬಂತು. ದೇಶವಿಡೀ ಟಿವಿ ಜಾಹೀರಾತು. ಕಡಲಿನ ರಾಕ್ಷಸ, ಹೆದರಿದ ಊರು. ಇದು ನಮ್ಮದೇ ಸರಕು ಅಂತ ಕಾರ್ಮನ್ ತಕ್ಷಣ ಗುರುತಿಸಿದರು. ಎರಡು ವರ್ಷಕ್ಕೆ ‘ಸ್ಟಾರ್ ವಾರ್ಸ್’. ಸ್ಟುಡಿಯೋಗಳು ಬೇಡ ಅಂತ ಬಿಟ್ಟಿದ್ದ ಅಗ್ಗದ ಕಥೆಗಳನ್ನೇ ಈಗ ಕೋಟಿಗಟ್ಟಲೆ ಸುರಿದು ಮಾಡತೊಡಗಿದ್ದವು. ಮೊದಲ ವಾರವೇ ಇಡೀ ದೇಶಕ್ಕೆ ಹರಡಬೇಕಾದರೆ ನೂರಾರು ಪ್ರಿಂಟ್ ಬೇಕು, ಟಿವಿಗೆ ದುಡ್ಡು ಬೇಕು. ಡಬ್ಬಿಗಳನ್ನು ಊರಿಂದೂರಿಗೆ ಹೊರುವ ಹಳೇ ಪದ್ಧತಿ ಅದರ ಮುಂದೆ ನಿಲ್ಲಲಿಲ್ಲ. ಡ್ರೈವ್-ಇನ್‌ಗಳೂ ಒಂದೊಂದಾಗಿ ಮುಚ್ಚುತ್ತಿದ್ದವು.

1983ರಲ್ಲಿ ಕಾರ್ಮನ್ ನ್ಯೂ ವರ್ಲ್ಡ್ ಅನ್ನು 1.65 ಕೋಟಿ ಡಾಲರ್‌ಗೆ ಮಾರಿದರು. ಹಳೇ ಸಿನಿಮಾಗಳ ಭಂಡಾರವನ್ನು ಮಾತ್ರ ಕೊಡಲಿಲ್ಲ, ಜಾಣತನ. ಇನ್ನು ಸಿನಿಮಾ ಮಾಡುವುದಷ್ಟೇ ತಮ್ಮ ಕೆಲಸ, ಹಂಚುವುದು ಹೊಸ ಮಾಲೀಕರ ಕೆಲಸ ಅಂತ ಒಪ್ಪಂದವಾಯಿತು. 30 ವರ್ಷ ಯಾವ ತಪ್ಪು ಮಾಡಬಾರದು ಅಂತ ಕಲಿತಿದ್ದರೋ ಅದಕ್ಕೇ ಸಹಿ ಹಾಕಿದರು. ತಮ್ಮ ಸಿನಿಮಾಗಳನ್ನು ಸರಿಯಾಗಿ ಬಿಡುತ್ತಿಲ್ಲ, ಬರಬೇಕಾದದ್ದು ಬರುತ್ತಿಲ್ಲ ಅನ್ನೋದು ಅವರ ದೂರು. ಆ ಕಡೆಯವರದೂ ಎದುರು ದೂರು. 1985ರಲ್ಲಿ ಕೋರ್ಟು ಹತ್ತಿ, ಹೊರಗೇ ರಾಜಿಯಾಯಿತು. ಹೊರಬಂದವರು ಮಾಡಿದ ಮೊದಲ ಕೆಲಸ? ಕಾನ್‌ಕಾರ್ಡ್ ಅಂತ ಇನ್ನೊಂದು ಹಂಚಿಕೆ ಕಂಪನಿ ತೆರೆದದ್ದು.

ಅಷ್ಟರಲ್ಲಿ ವಿಡಿಯೋ ಕ್ಯಾಸೆಟ್ ಬಂದಿತ್ತು. ಥಿಯೇಟರಿಗೆ ಹೋಗದೆಯೇ ಸಿನಿಮಾ ಮನೆ ಸೇರಬಹುದಿತ್ತು. ಕಾರ್ಮನ್‌ಗೆ ಇದು ಹೊಸ ಡ್ರೈವ್-ಇನ್. ಅಂಗಡಿಯ ಕಪಾಟಿನಲ್ಲಿ ಕ್ಯಾಸೆಟ್ಟಿನ ಮೇಲಿನ ಚಿತ್ರವೇ ಪೋಸ್ಟರು. ಅದು ಬತ್ತಿದ ಮೇಲೆ ಕೇಬಲ್ ಟಿವಿ. 2010ರಲ್ಲಿ ಸೈಫೈ ಚಾನೆಲ್‌ಗೆ ಅವರು ಅರ್ಧ ಶಾರ್ಕ್, ಅರ್ಧ ಆಕ್ಟೋಪಸ್ ಇರುವ ಪ್ರಾಣಿಯ ಸಿನಿಮಾ ಕೊಟ್ಟರು. ಆಗ ವಯಸ್ಸು 84. ಅದರ ಹಿಂದಿನ ವರ್ಷವಷ್ಟೇ ಅಕಾಡೆಮಿ ಅವರಿಗೆ ಗೌರವ ಆಸ್ಕರ್ ಕೊಟ್ಟಿತ್ತು. ಆಸ್ಕರ್ ಬಂತು ಅಂತ ರಾಕ್ಷಸರನ್ನು ಬಿಡುವವರಲ್ಲ.

ಪ್ರಿಂಟಿನ ಖರ್ಚು ಈಗ ಹಳೇ ಕಥೆ. 2014ರ ಆರಂಭಕ್ಕೆ ಪ್ಯಾರಮೌಂಟ್ ಅಮೆರಿಕದಲ್ಲಿ ಫಿಲ್ಮ್ ಪ್ರಿಂಟ್ ಕಳಿಸುವುದನ್ನೇ ನಿಲ್ಲಿಸಿದ ಸುದ್ದಿ ಬಂತು. ಆದರೆ ಸರದಿ ಬದಲಾಗಿಲ್ಲ. ಸ್ಟ್ರೀಮಿಂಗ್ ಕಂಪನಿಗೆ ಒಂದೇ ಮೊತ್ತಕ್ಕೆ ಮಾರಿದ ನಿರ್ಮಾಪಕನ ಸ್ಥಿತಿ, ಪ್ರಾಂತ್ಯದ ಹಕ್ಕನ್ನು ಒಂದೇ ಸಲ ಮಾರಿ ಕೈ ತೊಳೆದುಕೊಳ್ಳುತ್ತಿದ್ದ ಹಳೇ ನಿರ್ಮಾಪಕನದಕ್ಕಿಂತ ತುಂಬಾ ಬೇರೆಯೇನಲ್ಲ. ಎಷ್ಟು ಜನ ನೋಡಿದರು ಅನ್ನೋ ಲೆಕ್ಕ ಈಗಲೂ ಹಂಚುವವನ ಬಳಿಯೇ. 2020ರ ಆಗಸ್ಟಿನಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟು 1948ರ ತೀರ್ಪಿನ ಬೆನ್ನಿಗೆ ಬಂದಿದ್ದ ಕಟ್ಟಳೆಗಳನ್ನೂ ಕೊನೆಗೊಳಿಸಿತು. ಸಿನಿಮಾಗಳನ್ನು ಕಂತೆ ಕಟ್ಟಿ ಮಾರುವುದರ ಮೇಲಿನ ನಿರ್ಬಂಧಕ್ಕೆ ಮಾತ್ರ ಎರಡು ವರ್ಷದ ಗಡುವು ಸಿಕ್ಕಿತು. ಅದೂ ಮುಗಿದಿದೆ.

ಕಾರ್ಮನ್ 2024ರ ಮೇ 9ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಆರು ವರ್ಷ ಮೊದಲು, 2018ರಲ್ಲಿ, ಸುಮಾರು 270 ಸಿನಿಮಾಗಳ ತಮ್ಮ ಭಂಡಾರವನ್ನು ಶೌಟ್ ಫ್ಯಾಕ್ಟರಿ ಮತ್ತು ಏಸ್ ಫಿಲ್ಮ್ ಹಾಂಗ್‌ಕಾಂಗ್ ಎಂಬ ಎರಡು ಕಂಪನಿಗಳಿಗೆ ಮಾರಿದ್ದರು. ಆಗ ಅವರಿಗೆ 91 ವರ್ಷ. ಈ ಸಲ ಪಾಲಿಗಾಗಿ ಕಾಯುವ ಗೋಜೇ ಇರಲಿಲ್ಲ.